ಎರಡು ಚುಕ್ಕಿ ಇಲ್ಲದ ಸಾಲು

ಅಕ್ಕನ ಬಲಗಾಲು ಮೇಜಿನ ಕೆಳಗೆ ಸದಾ ಕುಣಿಯುತ್ತಿತ್ತು. ಎದುರಿಗೆ ಕೂತ ನನ್ನ ಮಾನಿಟರ್ ಕೂಡ ಅದರ ಜೊತೆ ನಡುಗುತ್ತಿತ್ತು. ಧಾರವಾಡದ ಕಡೆಯವರು, ಪುಣೆಯ ನಿಗಡಿಯಲ್ಲಿ ಮನೆ. ತೊಂಬತ್ತರ ದಶಕದ ಕೊನೆಗೆ ಅಲ್ಲಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನ್ನ ಹಿರಿಯ ಸಹೋದ್ಯೋಗಿ. ಮೊದಲ ದಿನ ಮೇಡಂ ಎಂದದ್ದಕ್ಕೆ "ಅಕ್ಕಾ ಅನ್ನವಾ, ಜಲ್ದಿ ಆಗ್ತದ" ಎಂದಿದ್ದರು. ಚಹಾ ಆರುವವರೆಗೂ ಕಾಯದೆ ನಾಲಿಗೆ ಸುಟ್ಟುಕೊಳ್ಳುವ ಜೀವ ಅದು.

ಬಿಡಿ ಕಡತಗಳನ್ನು ಸೇರಿಸಿ ಒಂದು ಪ್ರೋಗ್ರಾಂ ಕಟ್ಟುವ ಮೇಕ್‌ಫೈಲ್ ಅವರ ಸಾಮ್ರಾಜ್ಯ. ಅದರಲ್ಲಿ ಒಂದು ಹೆಸರಿಗೆ ಮೌಲ್ಯ ಕೊಡಲು ನಾಲ್ಕು ಚಿಹ್ನೆ. ನನಗೆ ನಾಲ್ಕೂ ಒಂದೇ ಥರ ಕಾಣುತ್ತಿದ್ದವು.

"ಬರೇ ಸಮಚಿಹ್ನೆ ಇದ್ರ, ಕೇಳಿದಾಗೊಮ್ಮೆ ಚಹಾ ಇಟ್ಟಂಗ. ಆವಾಗ ಮನ್ಯಾಗ ಎಂಥಾ ಹಾಲು ಅದನೋ ಅಂಥಾ ಚಹಾ. ಅದಕ್ಕಿಂತ ಮೊದಲ ಎರಡು ಚುಕ್ಕಿ ಇಟ್ರ, ಮುಂಜಾನೆನ ಮಾಡಿ ಥರ್ಮಾಸಿಗೆ ಹಾಕಿದಂಗ. ಆಮ್ಯಾಲ ಹಾಲು ಬದಲಾದ್ರೂ ಅದು ಬದಲಾಗೂದಿಲ್ಲ. ಪ್ರಶ್ನೆಚಿಹ್ನೆ ಇದ್ರ, ಯಾರೂ ಮಾಡಿಲ್ಲಂದ್ರ ಮಾತ್ರ ನೀ ಮಾಡು. ಪ್ಲಸ್ ಅಂದ್ರ, ಇದ್ದದ್ದಕ್ಕ ಇನ್ನೊಂದು ಕಪ್ ಸೇರಸು. ತಿಳೀತಿಲ್ಲೋ?"

ತಿಳಿಯಿತು ಅನ್ನುವಷ್ಟರಲ್ಲಿ ಎದ್ದು ಹೋಗಿರುತ್ತಿದ್ದರು.

ನನ್ನ ಪ್ರೊಬೇಷನ್ ಮುಗಿಯುವ ವಾರ, ಗ್ರಾಹಕರ ಕಾರ್ಖಾನೆಯಲ್ಲಿ ನಾವು ಕಳಿಸಿದ ಪ್ರೋಗ್ರಾಂ ನಿಂತುಹೋಯಿತು. ಪರೀಕ್ಷೆಗೆಂದು ಇಟ್ಟಿದ್ದ ಅರೆಬೆಂದ ಕಡತಗಳು ಅದರೊಳಗೆ ಸೇರಿದ್ದವು. ಮೇಕ್‌ಫೈಲಿನ ಕೊನೆಗೆ ಪರೀಕ್ಷೆಯ ಫೋಲ್ಡರಿನ ಸಾಲು ಬರೆದವಳು ನಾನು. ಬರಿ ಎಂದವರು ಮ್ಯಾನೇಜರೇ. ಈಗ ಅವರೇ ನನ್ನನ್ನು ಕರೆದು ನಾಳೆಯಿಂದ ಬರುವುದು ಬೇಡ ಎಂದರು.

ಅಕ್ಕ ಬಾಗಿಲು ತಟ್ಟದೆ ಒಳಗೆ ಬಂದರು. "ಸರ್, ಚೂಕ್ ಮಾಝೀ ಆಹೆ." ತಪ್ಪು ನನ್ನದು ಎಂದು ಮರಾಠಿಯಲ್ಲಿ ಹೇಳಿ, ಒಂದು ಕಡೆ ನಿಲ್ಲಲಾರದೆ ಅತ್ತಿತ್ತ ಓಡಾಡುತ್ತಲೇ ವಿವರಿಸಿದರು. ಆ ಕಡತದ ಆರಂಭದಲ್ಲಿ, ವರ್ಷಗಳ ಹಿಂದೆ ಅವರೇ ಬರೆದ ಸಾಲಿನಲ್ಲಿ ಎರಡು ಚುಕ್ಕಿ ಬಿಟ್ಟುಹೋಗಿತ್ತು. ಹಾಗಾಗಿ ನಾನು ಕೆಳಗೆ ಫೋಲ್ಡರ್ ಬದಲಿಸಿದ್ದೇ ತಡ, ಥರ್ಮಾಸಿಗೆ ಹಾಕದ ಚಹಾದ ಹಾಗೆ ಮೇಲಿನ ಸಾಲೂ ಬದಲಾಗಿತ್ತು.

ನನ್ನ ಕೆಲಸ ಉಳಿಯಿತು. ಅವರು ಕಾದಿದ್ದ ಟೀಮ್ ಲೀಡರ್ ಹುದ್ದೆ ಬೇರೆಯವರ ಪಾಲಾಯಿತು.

"ಯಾಕೆ ಹೇಳಿದ್ರಿ ಅಕ್ಕ? ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದೆ.

"ಹೋಗವಾ, ಲೀಡರ್ ಆದ್ರ ದಿನಾ ಮೀಟಿಂಗಿನಾಗ ಕೂಡಬೇಕು. ನನ್ನ ಕಾಲು ಕೇಳತಾವೇನು?" ಎಂದು ನಕ್ಕರು. ಪೆದ್ದಿ ನಾನು, ನಂಬಿದೆ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ನಿಗಡಿಯ ಮನೆಗೆ ಹೋದೆ. ಅವರ ಕೈಕೆಳಗೆ ಕೆಲಸ ಕಲಿತವಳು ಎಂದು ಹೇಳಿಕೊಂಡ ಮೇಲೆ ಅವರ ಯಜಮಾನರು ಕೇಳಿದರು: "ನಿಮಗರೇ ಗೊತ್ತದೇನ್ರಿ? ಲೀಡರ್ ಆಗ್ಲಿಲ್ಲಂತ ಆಕಿ ಆ ವರ್ಷ ಭಾಳ ಅತ್ತಳು. ಯಾಕ ತಪ್ಪಿತು ಅಂತ ಕೊನೀತನಕ ನಮಗ ಹೇಳ್ಲಿಲ್ಲ."

"ನನ್ನ ಕೆಲಸ ಉಳಿಸೋದಕ್ಕೆ" ಎಂದೆ.