ಮೂರನೇ ಕ್ಯಾಸೆಟ್ಟಿನ ದನಿ

ಹೊಸ ಪೆಟ್ಟಿಗೆಗೆ ವಾಸನೆಯೇ ಇಲ್ಲ. ನಾವು ಚಿಕ್ಕಂದಿನಲ್ಲಿ ನೋಡುತ್ತಿದ್ದ ಒಂದು ಕಾರ್ಟೂನಿನ ಡಿಸ್ಕುಗಳದ್ದು, ತಂಗಿ ಸವಿತ ಮೊನ್ನೆ ಕೊರಿಯರಿನಲ್ಲಿ ಕಳಿಸಿದ್ದಳು. ಪ್ಲಾಸ್ಟಿಕ್ ಹಾಳೆ ಹರಿದು, ಮುಚ್ಚಳ ತೆಗೆದು, ಹಳೆಯ ಅಭ್ಯಾಸದಂತೆ ಮೂಗಿನ ಹತ್ತಿರ ಹಿಡಿದೆ. ಏನೂ ಬರಲಿಲ್ಲ. ನಮ್ಮ ಕಾಲದ ವಿಡಿಯೋ ಕ್ಯಾಸೆಟ್ಟಿನ ಡಬ್ಬಿ ತೆರೆದರೆ ಮೊದಲು ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು, ಅದರ ಹಿಂದೆ ಬೂಷ್ಟಿನದು, ಅದರ ಹಿಂದೆ ಸಣ್ಣಗೆ, ಕೊನೆಯ ಸಲ ಅದನ್ನು ಒಯ್ದಿದ್ದವರ ಮನೆಯದು. ಒಬ್ಬರದಾದರೆ ಇಂಗಿನ ಒಗ್ಗರಣೆ, ಇನ್ನೊಬ್ಬರದಾದರೆ ಒಣಮೀನು, ಮತ್ತೊಬ್ಬರದಾದರೆ ಕರ್ಪೂರ. ನಮ್ಮ ಜಯತ್ತೆ ಡಬ್ಬಿ ಮೂಸಿಯೇ ಅದು ಯಾವ ಬೀದಿಯಿಂದ ವಾಪಸು ಬಂದಿದೆ ಎಂದು ಹೇಳಿಬಿಡುತ್ತಿದ್ದಳು. ಈ ಹೊಸ ಪೆಟ್ಟಿಗೆಯ ಮೇಲೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ಸಂಪೂರ್ಣ ಸಂಗ್ರಹ ಎಂದು ಬರೆದಿದೆ. ಸಂಪೂರ್ಣವಂತೆ. ಓದಿದ ಕೂಡಲೇ ನನಗೆ ಮೈ ಉರಿಯಿತು.

ಜಯತ್ತೆ ನಮ್ಮಪ್ಪನ ಅಕ್ಕ. ಹೊಳೆನರಸೀಪುರದಲ್ಲಿ, ಬಸ್‌ಸ್ಟ್ಯಾಂಡಿನಿಂದ ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಅವಳ ಮನೆ ಇತ್ತು. ಮುಂದಿನ ಕೋಣೆಯಲ್ಲಿ ಕ್ಯಾಸೆಟ್ ಲೈಬ್ರರಿ, ಹಿಂದಿನ ಕೋಣೆಯಲ್ಲಿ ನಾವು, ಅದಕ್ಕೂ ಹಿಂದೆ ಒಂದು ಅಡುಗೆಮನೆ. ಮಾವ ತೀರಿಕೊಂಡ ಮೇಲೆ ಲೈಬ್ರರಿ ಮುಚ್ಚುತ್ತಾಳೆ ಎಂದು ಬೀದಿಯವರೆಲ್ಲ ಅಂದುಕೊಂಡಿದ್ದರಂತೆ. ಅವಳು ಬೋರ್ಡಿಗೆ ಹೊಸ ಬಣ್ಣ ಹೊಡೆಸಿದಳು. ಅರಕಲಗೂಡಿನ ಆಚೆಯ ನಮ್ಮೂರಿನಲ್ಲಿ ಹೈಸ್ಕೂಲು ಇರಲಿಲ್ಲವಾದ್ದರಿಂದ ನಾನು, ನನ್ನ ಬಾಲದಂತೆ ಸವಿತ, ಅವಳ ಮನೆಗೆ ಬಂದು ಸೇರಿದೆವು. ಆಗ ತೊಂಬತ್ತರ ದಶಕದ ನಡುಭಾಗ. ಸ್ಕೂಲಿನಿಂದ ಬಂದ ಮೇಲೆ ನಮಗೆ ಒಂದೇ ಕೆಲಸ: ವಾಪಸು ಬಂದ ಕ್ಯಾಸೆಟ್ಟುಗಳನ್ನು ಹಿಂದಕ್ಕೆ ಸುತ್ತುವುದು. ಸುತ್ತದೆ ತಂದುಕೊಟ್ಟವರನ್ನು ಅತ್ತೆ ಸುಮ್ಮನೆ ಬಿಡುತ್ತಿರಲಿಲ್ಲ. "ಏನ್ಲಾ ಇದು, ಸುತ್ತೇ ಇಲ್ವಲ್ಲ. ನಿಮ್ಮನೇಲಿ ಉಂಡ ತಟ್ಟೇನೂ ಇಂಗೇ ಗೂಡಲ್ಲಿಡ್ತೀರಾ?" ಎಂದು ಎಲ್ಲರೆದುರಿಗೇ ಕೇಳುತ್ತಿದ್ದಳು.

ಪ್ರತಿ ಡಬ್ಬಿಯೊಳಗೂ ಅವಳು ಒಂದು ಗೆರೆ ಹಾಳೆಯನ್ನು ಮಡಿಸಿ ಇಡುತ್ತಿದ್ದಳು. ಮೇಲೆ ಅವಳ ದಪ್ಪ ಕೈಬರಹದಲ್ಲಿ 'ಪ್ರಿಂಟ್ ಹೇಗಿದೆ?' ಎಂದು ಇರುತ್ತಿತ್ತು. ನೋಡಿದವರು ಅದರ ಕೆಳಗೆ ಬರೆಯಬೇಕು. ಜನ ಕಥೆಯ ಬಗ್ಗೆ ಬರೆದರೆ ಅವಳಿಗೆ ಸಿಟ್ಟು. ಕಥೆ ಕಟ್ಟಿಕೊಂಡು ಅವಳಿಗೇನು? ಚಿತ್ರ ನಡುಗುತ್ತದೆಯೋ, ಸದ್ದು ಹಿಂದೆ ಬೀಳುತ್ತದೆಯೋ, ಬಣ್ಣ ಬಸಿದು ಹೋಗಿದೆಯೋ, ಅಷ್ಟು ಬೇಕು. ತಿಂಗಳಿಗೊಮ್ಮೆ ಆ ಹಾಳೆಗಳನ್ನೆಲ್ಲ ಓದಿ, ಕ್ಯಾಸೆಟ್ ಬಿಟ್ಟ ಕಂಪನಿಗಳಿಗೆ ಕಾರ್ಡು ಹಾಕುತ್ತಿದ್ದಳು. ಒಂದಕ್ಕೂ ಉತ್ತರ ಬಂದದ್ದು ನನಗೆ ಗೊತ್ತಿಲ್ಲ.

ಆ ಹಾಳೆಗಳಲ್ಲಿ ಅತಿ ಹೆಚ್ಚು ಬೈಗುಳ ತುಂಬಿದ್ದು ಗಾಳಿಯಣ್ಣನ ಡಬ್ಬಿಗಳಲ್ಲಿ. ಅದೊಂದು ಕಾರ್ಟೂನ್ ಸೀರಿಯಲ್ಲು, ಯಾವುದೋ ದೂರದ ದೇಶದ್ದು. ಹವಾಮಾನದ ಆಫೀಸಿನಲ್ಲಿ ಗುಮಾಸ್ತನಾಗಿರುವ ಒಬ್ಬ ಸಾಧು ಮನುಷ್ಯ, ಪಟ್ಟಣಕ್ಕೆ ಆಪತ್ತು ಬಂದಾಗ ಹಸಿರು ರೈನ್‌ಕೋಟು ತೊಟ್ಟು ಗಾಳಿಯ ಮೇಲೆ ಏರಿ ಹೋಗುತ್ತಾನೆ. ಅವನ ಇಂಗ್ಲಿಷ್ ಹೆಸರು ನಮ್ಮ ಯಾರ ಬಾಯಿಗೂ ಬಗ್ಗುತ್ತಿರಲಿಲ್ಲ. ಗಾಳಿಯಣ್ಣ ಎಂದು ಹೆಸರಿಟ್ಟವಳು ಅತ್ತೆ. ಕಬ್ಬಿಣದ ಕಾಗೆಗಳನ್ನು ಸಾಕಿಕೊಂಡ ಖಳನಿಗೆ ಕಾಗೆ ಮೇಷ್ಟ್ರು ಎಂದಳು. ಒಟ್ಟು ಆರು ಕ್ಯಾಸೆಟ್ಟು ಬಂದವು. ಆರರಲ್ಲೂ ಒಂದಾದರೂ ಅಪದ್ಧ ಇತ್ತು. ಮೊದಲನೆಯದರ ಡಬ್ಬಿಯ ಮೇಲೆ ಕಾಗೆಗಳ ಜೊತೆ ಯುದ್ಧದ ಚಿತ್ರ. ಒಳಗೆ ಒಂದು ಕಾಗೆಯೂ ಇಲ್ಲ, ಅವು ಬಂದದ್ದು ಐದನೆಯದರಲ್ಲಿ. ಎರಡನೆಯದರಲ್ಲಿ ಕೊಳಲೂದುವ ಹುಡುಗಿಯೊಬ್ಬಳು ಅವನನ್ನು ಹಳೆಯ ಗೆಳೆಯನಂತೆ ಮಾತಾಡಿಸುತ್ತಾಳೆ. ಅವರಿಬ್ಬರ ಪರಿಚಯವಾಗುವುದು ನಾಲ್ಕನೆಯದರಲ್ಲಿ. ಆರನೆಯದರ ಕೊನೆಯಲ್ಲಿ ಗಾಳಿಯಣ್ಣ ಸಮುದ್ರಕ್ಕೆ ಬಿದ್ದ. ಏಳನೆಯದು ಬರಲೇ ಇಲ್ಲ. ಹಾಳೆಯಲ್ಲಿ ಯಾರೋ 'ಎದ್ನಾ ಸತ್ನಾ ಅಷ್ಟಾದ್ರೂ ಹೇಳಿ' ಎಂದು ಬರೆದಿದ್ದರು. ಅತ್ತೆ ಅದನ್ನೂ ಕಾರ್ಡಿನಲ್ಲಿ ಹಾಕಿದಳು.

ಮೂರನೆಯದರ ಕಥೆಯೇ ಬೇರೆ. ಅದರಲ್ಲಿ ಸದ್ದೇ ಇರಲಿಲ್ಲ. ಚಿತ್ರ ಚೆನ್ನಾಗಿ ಬರುತ್ತಿತ್ತು, ಜೊತೆಗೆ ಬಾಣಲೆಯಲ್ಲಿ ಎಣ್ಣೆ ಕಾದಂತೆ ಬರೀ ಚುಯ್ ಎನ್ನುವ ಶಬ್ದ. ಹಾಳೆಯ ತುಂಬ 'ಸೌಂಡ್ ಇಲ್ಲ', 'ಸೌಂಡ್ ಇಲ್ಲ' ಎಂದು ಒಂದರ ಕೆಳಗೊಂದು. ಬದಲಿಸಿ ಕೊಡಿ ಎಂದು ಎರಡು ಸಲ ಕಳಿಸಿದ್ದಾಯಿತು, ಎರಡು ಸಲವೂ ಅದೇ ಚುಯ್. ಒಂದು ಭಾನುವಾರದ ಮಧ್ಯಾಹ್ನ ಅತ್ತೆ ಮನೆಯಲ್ಲಿದ್ದ ಎರಡು ವಿಸಿಆರ್‌ಗಳನ್ನು ಪಕ್ಕಪಕ್ಕ ಇಟ್ಟಳು. ಒಂದರಿಂದ ಇನ್ನೊಂದಕ್ಕೆ ಚಿತ್ರದ ವಯರು ಮಾತ್ರ ಸಿಕ್ಕಿಸಿ, ಸದ್ದಿನ ವಯರಿನ ಜಾಗಕ್ಕೆ ಟೇಪ್‌ರೆಕಾರ್ಡರನ್ನು ಸೇರಿಸಿ, ಅದರ ಮೈಕನ್ನು ಬಾಯಿಯ ಹತ್ತಿರ ಹಿಡಿದು ಕೂತಳು. ಆಮೇಲೆ ಇಡೀ ಕ್ಯಾಸೆಟ್ಟಿಗೆ, ಒಂದೇ ಉಸಿರಿಗೆ ಎನ್ನುವಂತೆ, ತಾನೇ ಮಾತಾಡಿದಳು.

ಅದರಲ್ಲಿ ಅಣೆಕಟ್ಟು ಒಡೆಯುವ ಕಥೆ ಇತ್ತು. ಅತ್ತೆ ಅದನ್ನು ಗೊರೂರು ಡ್ಯಾಮ್ ಮಾಡಿಬಿಟ್ಟಳು. "ಲೇ ಗಾಳಿಯಣ್ಣ, ಗೊರೂರ್ ಕಡೀಕೆ ಓಗ್ಬ್ಯಾಡ ಕಣ್ಲಾ, ನೀರು ಎಗರ್ತಾ ಐತೆ" ಎಂದು ಆಫೀಸಿನ ಜವಾನ ಕೂಗುತ್ತಿದ್ದ. "ನಾ ಓಗ್ದಿದ್ರೆ ಇನ್ಯಾರ್ ಓದಾರು, ನಿಮ್ಮಾವಾನಾ?" ಎನ್ನುತ್ತಿದ್ದ ಗಾಳಿಯಣ್ಣ, ರೈನ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತ. ಇದರಲ್ಲಿ ಕಾಗೆಗಳಿಲ್ಲದೆ ಒಬ್ಬರೇ ಬರುವ ಕಾಗೆ ಮೇಷ್ಟ್ರು ನಮ್ಮ ಲೆಕ್ಕದ ಮೇಷ್ಟರ ಹಾಗೆ ಮೂಗಿನಲ್ಲಿ ಮಾತಾಡುತ್ತಿದ್ದರು. ನಡುವೆ ಕುಕ್ಕರ್ ಕೂಗಿತು. ಅದು ಅಪಾಯದ ಸೈರನ್ನಿಗೆ ಸರಿಯಾಗಿ ಹೊಂದಿತು. ಗಾಳಿಯಣ್ಣ ಅಣೆಕಟ್ಟಿನ ಮೇಲೆ ಒಬ್ಬನೇ ಹಾರುತ್ತಿದ್ದಾಗ ಬಾಗಿಲಿಗೆ ಹಾಲಿನವನು ಬಂದ. ರೆಕಾರ್ಡಿಂಗ್ ನಿಲ್ಲಿಸಲು ಅತ್ತೆಗೆ ಮನಸ್ಸಾಗಲಿಲ್ಲ. ಹಾಗಾಗಿ ಗಾಳಿಯಣ್ಣನೇ ಮೋಡಗಳ ಮಧ್ಯದಿಂದ ಹಾಲಿನವನಿಗೆ ಎಷ್ಟು ಬೇಕೆಂದು, ನಾಳೆ ಬರಬೇಡವೆಂದು ಹೇಳಿ ಮುಂದೆ ಹೋದ. ನಾನೂ ಸವಿತಳೂ ದಿಂಬಿಗೆ ಬಾಯಿ ಒತ್ತಿಕೊಂಡು ನಕ್ಕು ನಕ್ಕು ಅತ್ತುಬಿಟ್ಟೆವು.

ಊರಿನ ಮಕ್ಕಳಿಗೆ ಮೂರನೇ ಕ್ಯಾಸೆಟ್ಟಿನ ಹುಚ್ಚು ಹಿಡಿಯಿತು. ಮಿಕ್ಕ ಐದನ್ನೂ ಹೀಗೇ ಮಾಡಿಕೊಡಿ ಎಂದು ದೊಡ್ಡವರೂ ಕೇಳಿದರು. ಅತ್ತೆ ಒಪ್ಪಲಿಲ್ಲ. "ಅವು ಮಾತಾಡ್ತಾವಲ್ಲ, ಮಾತಾಡೋದ್ರ ಬಾಯಿ ನಾನ್ಯಾಕೆ ಮುಚ್ಲಿ?" ಎಂದಳು. ಆಗ ನಾವು ಇನ್ನಷ್ಟು ಹಟ ಮಾಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ವಿಸಿಡಿ ಬಂತು. ಆ ಸೀರಿಯಲ್ಲು ವಿಸಿಡಿಯಾಗಿ ಬಂದ ರೀತಿ ನೆನೆಸಿಕೊಂಡರೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ಗಾಳಿಯಣ್ಣ ಛಾವಣಿಯಿಂದ ಜಿಗಿದ ಕ್ಷಣಕ್ಕೆ ಡಿಸ್ಕ್ ಮುಗಿಯುತ್ತಿತ್ತು. ಎರಡನೆಯದನ್ನು ಹುಡುಕಿ ಹಾಕುವ ತನಕ ಅವನು ಅಂತರದಲ್ಲೇ ಇರಬೇಕು. ಆದರೆ ಅತ್ತೆಯ ಲೈಬ್ರರಿಗೆ ಆ ಸಿಟ್ಟು ಮಾಡಿಕೊಳ್ಳುವ ಭಾಗ್ಯವೂ ಹೆಚ್ಚು ದಿನ ಇರಲಿಲ್ಲ. ಮನೆಮನೆಗೂ ಕೇಬಲ್ ಬಂತು, ಜನ ಬರುವುದು ನಿಂತಿತು. ರಸ್ತೆ ಅಗಲ ಮಾಡುವಾಗ ಮುಂದಿನ ಕೋಣೆ ಹೋಯಿತು. ಉಳಿದದ್ದು ಮನೆ ಎನ್ನುವ ಹಾಗಿರಲಿಲ್ಲ. ಅಷ್ಟರಲ್ಲಿ ನಾನು ಮದುವೆಯಾಗಿ ಚನ್ನರಾಯಪಟ್ಟಣದಲ್ಲಿದ್ದೆ, ಅಂಗನವಾಡಿಯಲ್ಲಿ ಕೆಲಸ. ಅತ್ತೆಯ ಗಂಟಲಲ್ಲಿ ಗಂಟು ಕಾಣಿಸಿಕೊಂಡದ್ದು, ಆಪರೇಷನ್ ಆದದ್ದು ಅದರ ಮರುವರ್ಷ. ಜೀವ ಉಳಿಯಿತು. ದನಿ ಉಳಿಯಲಿಲ್ಲ. ನಮ್ಮ ಮನೆಗೇ ಕರೆತಂದೆ. ಅಂಗನವಾಡಿಯಿಂದ ಒಂದು ಸ್ಲೇಟು ತಂದುಕೊಟ್ಟೆ. ಬೀದಿಯನ್ನೇ ಗದರಿಸುತ್ತಿದ್ದ ಹೆಂಗಸು ಉಪ್ಪು ಕಡಿಮೆ, ಫ್ಯಾನ್ ಬೇಡ ಎಂದು ಬಳಪದಲ್ಲಿ ಬರೆಯುವುದನ್ನು ನೋಡುವುದು ಸುಲಭವಲ್ಲ.

ಒಂದು ದಿನ ಅವಳು ಬರೆದಳು: 'ಮೂರನೇ ಕ್ಯಾಸೆಟ್ ಇದೆಯಾ?' ಟ್ರಂಕಿನ ತಳದಲ್ಲಿ ಇತ್ತು. ವಿಸಿಆರ್ ಇರಲಿಲ್ಲ. ಮುಂದಿನ ವಾರ ಹಾಸನಕ್ಕೆ ಹೋಗಿ, ಮದುವೆ ಕ್ಯಾಸೆಟ್ಟುಗಳನ್ನು ಸಿಡಿಗೆ ಹಾಕಿಕೊಡುವ ಒಂದು ಸ್ಟುಡಿಯೋದಲ್ಲಿ ಅದನ್ನು ಕೊಟ್ಟೆ. ಅಂಗಡಿಯಲ್ಲಿ ಜನ ಇದ್ದರು. ಕಾರ್ಟೂನಿನಲ್ಲಿ ನಮ್ಮತ್ತೆಯ ದನಿ ಇದೆ ಎಂದು ಹೇಳಲು ನನಗೆ ಸಂಕೋಚವಾಯಿತು. "ಚೆನ್ನಾಗಿ ಬರ್ಲಿ" ಎಂದಷ್ಟೇ ಹೇಳಿ ಬಂದೆ. ಇಷ್ಟು ವರ್ಷ ನನ್ನನ್ನು ನಾನು ಬೈದುಕೊಂಡಿರುವುದು ಆ ಎರಡು ಪದಗಳಿಗೆ.

ನಾಲ್ಕು ದಿನ ಬಿಟ್ಟು ಹೋದಾಗ ಸ್ಟುಡಿಯೋದವನು ಖುಷಿಯಲ್ಲಿದ್ದ. "ನಿಮ್ ಕ್ಯಾಸೆಟ್ ಪೂರಾ ಬೂಷ್ಟಿಡ್ದಿತ್ತು ಕಣ್ರಕ್ಕ. ಮ್ಯಾಲಾಗಿ ಯಾವುದೋ ಎಂಗ್ಸು ಅದ್ರ ತುಂಬ ಮಾತಾಡಿ ಕೆಡ್ಸಿಟ್ಟೈತೆ. ಅದುಕ್ಕೆ ಒರಿಜಿನಲ್ ಡಿಸ್ಕನ್ನೇ ಬೆಂಗ್ಳೂರಿಂದ ತರ್ಸಿ ಆಕ್ಕೊಟ್ಟಿವ್ನಿ. ಪ್ರಿಂಟ್ ಎಂಗೈತೆ ನೋಡಿ ಒಸಿ."

ಹಳೆಯ ಕ್ಯಾಸೆಟ್ಟು ಕೊಡಿ ಎಂದೆ.

"ಅದಾ? ಶಾಂತಿಗ್ರಾಮದೋರೊಬ್ರು ಬಂದು ಹಳೇವೆಲ್ಲ ಚೀಲಕ್ಕೆ ತುಂಬ್ಕಂಡೋದ್ರಲ್ಲ. ಜೋಳದ ಒಲಕ್ಕೆ ಟೇಪ್ ಕಟ್ಟಿದ್ರೆ ಗಿಳಿ ಬರಾಕಿಲ್ವಂತೆ. ಡಬ್ಬಿ ಇಲ್ಲೇ ಐತೆ, ತಗಳಿ."

ಅವನ ಮೇಲೆ ಕೂಗಾಡಬೇಕೆನ್ನಿಸಿತು. ಆದರೆ ಕೇಳಿದ್ದಕ್ಕಿಂತ ಹೆಚ್ಚೇ ಮಾಡಿಕೊಟ್ಟೆನೆಂಬ ತೃಪ್ತಿಯಲ್ಲಿ ಅವನು ನಿಂತಿದ್ದ. ಡಬ್ಬಿ, ಸಿಡಿ ತೆಗೆದುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದವಳು ಶಾಂತಿಗ್ರಾಮದಲ್ಲಿ ಇಳಿದುಬಿಟ್ಟೆ. ರಸ್ತೆಯಿಂದ ಒಳಗೆ ನಡೆದರೆ ಮೂರು ಹೊಲದಲ್ಲಿ ಕಪ್ಪು ಟೇಪು ಕೋಲಿಂದ ಕೋಲಿಗೆ ಎಳೆದು ಕಟ್ಟಿತ್ತು. ಬಿಸಿಲಿಗೆ ಹೊಳೆಯುತ್ತ, ಗಾಳಿಗೆ ಗುಯ್ಯೆನ್ನುತ್ತಿತ್ತು. ಯಾವುದು ಯಾರ ಮದುವೆ, ಯಾವುದು ನಮ್ಮತ್ತೆ, ಹೇಗೆ ಗೊತ್ತಾಗಬೇಕು? ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯೊಬ್ಬಳು "ಏನುಡುಕ್ತಿದ್ದೀಯವ್ವ?" ಎಂದಳು. ಟೇಪು ನೋಡುತ್ತಿದ್ದೇನೆ ಎಂದೆ. "ಅಯ್ಯೋ, ಅದೆಲ್ಲ ನಾಕ್ ದಿನ. ಆಮ್ಯಾಕೆ ಗಿಳಿಗೋಳೂ ಕ್ಯಾರೇ ಅನ್ನಾಕಿಲ್ಲ" ಎಂದು ಮತ್ತೆ ಕುಡುಗೋಲಿಗೆ ಬಗ್ಗಿದಳು. ಮುಂದಿನ ಬಸ್ಸು ಬರುವವರೆಗೆ ಅಲ್ಲೇ ನಿಂತು ಆ ಗುಯ್ಯನ್ನು ಕೇಳಿದೆ. ಅದರಲ್ಲಿ ಮಾತೇನೂ ಇರಲಿಲ್ಲ.

ಮನೆಗೆ ಬಂದು ಅತ್ತೆಗೆ ಏನೂ ಹೇಳದೆ ಸಿಡಿ ಹಾಕಿದೆ. ಅವಳು ತಲೆಗೂದಲು ಸರಿ ಮಾಡಿಕೊಂಡು, ಯಾರೋ ನೆಂಟರು ಬರುತ್ತಾರೆನ್ನುವ ಹಾಗೆ ನೆಟ್ಟಗೆ ಕೂತಳು. ಜವಾನ ಓಡಿ ಬಂದ. ಬಾಯಿ ತೆರೆದ. ಇಂಗ್ಲಿಷಿನಲ್ಲಿ ಯಾರೋ ಗಂಡಸು ಮಾತಾಡಿದ. ಅತ್ತೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿದ್ದ ಖಾಲಿ ಡಬ್ಬಿ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಸ್ಲೇಟು ತೆಗೆದುಕೊಂಡು, ಎಂದಿಗಿಂತ ದುಂಡಗೆ ಬರೆದು ನನಗೆ ತೋರಿಸಿದಳು: 'ಪ್ರಿಂಟ್ ಚೆನ್ನಾಗಿದೆ.'

ಅಷ್ಟು ಸಮಾಧಾನದ ಅಭಿಪ್ರಾಯವನ್ನು ಅವಳು ಯಾವ ಕ್ಯಾಸೆಟ್ಟಿಗೂ ಕೊಟ್ಟವಳಲ್ಲ. ನನಗೆ ತಡೆಯಲಾಗಲಿಲ್ಲ. ಟಿವಿಯ ಸದ್ದು ಪೂರ್ತಿ ತೆಗೆದು, ಮೊದಲಿಂದ ಹಾಕಿ, ನೆಲದ ಮೇಲೆ ಕೂತು ನಾನೇ ಶುರು ಮಾಡಿದೆ. "ಲೇ ಗಾಳಿಯಣ್ಣ, ಗೊರೂರ್ ಕಡೀಕೆ ಓಗ್ಬ್ಯಾಡ ಕಣ್ಲಾ..." ನೂರು ಸಲ ಕೇಳಿದ್ದು, ಆದರೂ ತಪ್ಪುತ್ತಿತ್ತು. ತಪ್ಪಿದಾಗೆಲ್ಲ ಅತ್ತೆ ಬಳಪದಿಂದ ಸ್ಲೇಟಿನ ಚೌಕಟ್ಟಿಗೆ ಟಕ್ ಎಂದು ಹೊಡೆಯುತ್ತಿದ್ದಳು. ಮೇಷ್ಟರ ಮಾತು ಮೂಗಿನಲ್ಲಿ ಬರಲಿಲ್ಲವೆಂದು ಮೂಗು ಹಿಡಿದು ತೋರಿಸಿದಳು. ನಿಧಾನ ಮಾಡಿದರೆ ಕಣ್ಣು ಬಿಟ್ಟು ಗದರಿಸಿದಳು. ಕುಕ್ಕರಿನ ಸೀಟಿಯನ್ನೂ ನನ್ನ ಬಾಯಿಂದ ಹೊಡೆಸಿದಳು. ಗಾಳಿಯಣ್ಣ ಅಣೆಕಟ್ಟಿನ ಮೇಲೆ ಏರಿದಾಗ ನಾನು ಸುಮ್ಮನಾದೆ. ಅಲ್ಲಿ ಏನಿತ್ತೆಂದು ಮರೆತಿತ್ತು. ಅವಳು ಬಾಗಿಲ ಕಡೆ ತೋರಿಸಿ, ಕೈಯನ್ನು ಚೊಂಬಿನಂತೆ ಮಾಡಿ, ಅದರ ಅರ್ಧಕ್ಕೆ ಬೆರಳಿಂದ ಗೆರೆ ಎಳೆದಳು. ನಾನು ಹಾಲಿನವನಿಗೆ ಹೇಳಬೇಕಾದ್ದನ್ನು ಹೇಳಿದೆ. ಅತ್ತೆ ನಕ್ಕಳು. ಸದ್ದಿಲ್ಲದೆ, ಭುಜ ಕುಲುಕುತ್ತ, ಕಣ್ಣಲ್ಲಿ ನೀರು ಬರುವವರೆಗೆ. ಅದಾದ ಮೇಲೆ ಐದು ತಿಂಗಳು ಇದ್ದಳು.

ಈಗ ಈ ಪೆಟ್ಟಿಗೆ. ಎಲ್ಲ ಕಂತುಗಳೂ ಸರಿಯಾದ ಕ್ರಮದಲ್ಲಿವೆ. ಕ್ರಮ ಸರಿಯಾದ ಮೇಲೆ ಕಥೆ ಸಪ್ಪೆ ಎಂದು ಗೊತ್ತಾಗುತ್ತದೆ. ಬಣ್ಣ ತಿಕ್ಕಿ ತೊಳೆದು ರೈನ್‌ಕೋಟನ್ನು ಗಿಳಿ ಹಸಿರು ಮಾಡಿಟ್ಟಿದ್ದಾರೆ, ಯಾರು ಕೇಳಿದ್ದರೋ. ಶುರುವಿನ ಹಾಡನ್ನು ಅರ್ಧಕ್ಕೆ ಕತ್ತರಿಸಿದ್ದಾರೆ. ಜೊತೆಗೊಂದು ಕೀಚೈನು. ಸಮುದ್ರಕ್ಕೆ ಬಿದ್ದವನನ್ನು ಒಬ್ಬ ಬೆಸ್ತ ಎತ್ತಿಕೊಳ್ಳುತ್ತಾನೆ, ಅಷ್ಟೇ. ಇದಕ್ಕಾಗಿ ಅತ್ತೆ ಅಷ್ಟು ಕಾರ್ಡು ಖರ್ಚು ಮಾಡಿದಳು. ಆರು ಭಾಷೆಯ ಸದ್ದು ಇದೆ ಎಂದು ಪೆಟ್ಟಿಗೆಯ ಬೆನ್ನಿಗೆ ಅಚ್ಚು ಹಾಕಿದ್ದಾರೆ. ನಿಮ್ಮ ಮನೆಯಲ್ಲೂ ಹೀಗೆ ತೊಳೆದು ಹೊಳಪು ಮಾಡಿ ವಾಪಸು ಬಂದ ವಸ್ತು ಒಂದಾದರೂ ಇದ್ದರೆ, ಈ ಸಿಟ್ಟು ಎಂಥದ್ದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಿನ್ನೆ ಮಧ್ಯಾಹ್ನ ಅಣೆಕಟ್ಟಿನ ಕಂತು ಹಾಕಿ ಸದ್ದು ತೆಗೆದೆ. ಹಳೆಯ ಡಬ್ಬಿ ಪಕ್ಕದಲ್ಲಿತ್ತು. ಅದರೊಳಗಿನ ಹಾಳೆಯಲ್ಲಿ 'ಸೌಂಡ್ ಇಲ್ಲ' ಎಂಬ ಸಾಲುಗಳು ಮಾಸಿವೆ, ವಾಸನೆಯೂ ಹೆಚ್ಚುಕಡಿಮೆ ಹೋಗಿದೆ. ಮಾತುಗಳು ಈಗ ನನಗೆ ಎಲ್ಲೂ ತಪ್ಪುವುದಿಲ್ಲ. ತಪ್ಪಿದರೆ ಟಕ್ ಎನ್ನುವವರು ಇಲ್ಲದ್ದರಿಂದ ಹಾಗನ್ನಿಸುತ್ತದೋ ಏನೋ. ಗಾಳಿಯಣ್ಣ ಮೋಡದ ಮಧ್ಯೆ ಒಬ್ಬನೇ ಹೊರಟ, ಒಂದು ಗಳಿಗೆ ತಿರುಗಿ ಕೆಳಗೆ ನೋಡಿದ. ನಾನು ಬಾಗಿಲ ಕಡೆ ಮುಖ ಮಾಡಿ ಹೇಳಿದೆ:

"ಅರ್ಧ ಲೀಟ್ರು ಸಾಕು ಕಣಪ್ಪ. ನಾಳಿಕ್ಕೆ ಬರ್ಬ್ಯಾಡ, ನಾವು ಊರಲ್ಲಿರಾಕಿಲ್ಲ."