ಮೊದಲ ಸಾಲಿನ ಅಕ್ಕ

ಜೇಬಿನಲ್ಲಿ ಸದಾ ವೈರು ಸುತ್ತಿಟ್ಟುಕೊಂಡಿರುವ ವೈರಣ್ಣನ ನಿಜವಾದ ಹೆಸರು ಅವನ ಸಂಬಳದ ಚೀಟಿಗೆ ಮಾತ್ರ ಗೊತ್ತು. ಲಿಫ್ಟ್ ರಿಪೇರಿ ಅವನ ಕಸುಬು, ಕೆಟ್ಟ ಯಂತ್ರ ಕಂಡರೆ ಊಟ ಬಿಟ್ಟು ಕೂರುವುದು ಅವನ ಚಟ. ಮದುವೆಯ ಗೋಜಿಗೆ ಹೋಗದ ಒಂಟಿ ಜೀವ. ತನ್ನವರು ಅಂತ ಹೇಳಿಕೊಳ್ಳಲು ಇದ್ದವಳು ಒಬ್ಬಳೇ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಬೆಳೆಸಿದವಳೂ ಅವಳೇ.

ಅಕ್ಕ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುತ್ತಿದ್ದವಳು. ಅವಳು 'ಹೊರಡಲಿದೆ' ಎಂದರೆ ಸಾಕು, ಜನ ಬಿದ್ದಂಬೀಳ ಓಡುತ್ತಿದ್ದರು. ಕಣ್ಣೆದುರಿನ ಬೋರ್ಡನ್ನು ನಂಬದವರೂ ಅವಳ ದನಿಯನ್ನು ನಂಬುತ್ತಿದ್ದರು. ಅವಳು ನಿವೃತ್ತಳಾದಾಗ ವೈರಣ್ಣ ಒಂದು ಇಂಟರ್‌ನೆಟ್ ರೇಡಿಯೋ ಸೆಟ್ ತಂದುಕೊಟ್ಟ. ಆಮೇಲೆ ಆ ಬೀದಿಯಲ್ಲಿ ಎಷ್ಟೋ ಮನೆಗಳಿಗೆ ಅದೇ ಸೆಟ್ ಬಂತು.

ಈ ಸೆಟ್ಟುಗಳಿಗೆ ಸ್ವಂತ ಬುದ್ಧಿ ಕಡಿಮೆ. ಯಾವ ಸ್ಟೇಷನ್ ಎಲ್ಲಿ ಸಿಗುತ್ತದೆ ಎಂದು ಪ್ರತಿ ಸಲವೂ ಕಂಪನಿಯ ಕಂಪ್ಯೂಟರನ್ನೇ ಕೇಳಬೇಕು. ಒಂದು ದಿನ ಕಂಪನಿ ಆ ಕಂಪ್ಯೂಟರನ್ನು ಮುಚ್ಚಿ ಕೈತೊಳೆದುಕೊಂಡಿತು. ಸ್ಟೇಷನ್‌ಗಳೇನೋ ಹಾಡುತ್ತಲೇ ಇದ್ದವು, ಆದರೆ ದಾರಿ ಹೇಳುವವರಿಲ್ಲದೆ ಮನೆಮನೆಯ ಸೆಟ್ಟಿಗೂ ಬಾಯಿ ಕಟ್ಟಿತು.

ಅಕ್ಕನ ಸಪ್ಪೆ ಮುಖ ನೋಡಲಾರದೆ ವೈರಣ್ಣ ಅಂಗೈಯಗಲದ ಕಂಪ್ಯೂಟರೊಂದನ್ನು ತಂದು ತನ್ನ ಅಡುಗೆಮನೆಯ ಗೂಡಿನಲ್ಲಿಟ್ಟ. ಸ್ಟೇಷನ್‌ಗಳ ವಿಳಾಸಗಳನ್ನು ಹುಡುಕಿ ಹುಡುಕಿ ತಾನೇ ಪಟ್ಟಿ ಕಟ್ಟಿದ. ಸೆಟ್ಟುಗಳು ಕಂಪನಿ ಎಂದುಕೊಂಡು ಕೇಳಿದರೆ ಇನ್ನು ಮುಂದೆ ಉತ್ತರ ಕೊಡುವುದು ವೈರಣ್ಣನ ಗೂಡು. ಮೊದಲು ಅಕ್ಕನ ಸೆಟ್ ಹಾಡಿತು. ಆಮೇಲೆ ಕಟಿಂಗ್ ಶಾಪಿನದು, ಆಮೇಲೆ ಬೀದಿಗೆ ಬೀದಿಯೇ. ಮನೆಮನೆಗೂ ಹೋಗಿ, ಸೆಟ್ಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ತನ್ನ ಕಂಪ್ಯೂಟರಿನ ವಿಳಾಸ ತುಂಬಿ ಬಂದ.

ಆ ಪಟ್ಟಿಯ ಮೊದಲ ಸಾಲು ಮಾತ್ರ ಸ್ಟೇಷನ್ ಅಲ್ಲ, ವೈರಣ್ಣ ತನ್ನ ಮನೆಯಲ್ಲೇ ರೆಕಾರ್ಡ್ ಮಾಡಿಟ್ಟ ಅಕ್ಕನ ದನಿ. "ಕೇಳಿಸ್ತಿದೆಯಾ? ಹಾಗಾದ್ರೆ ನಿಮ್ಮ ಸೆಟ್ ಚೆನ್ನಾಗಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ." ಸ್ಟೇಷನ್ ಬಾರದಿದ್ದರೆ ಜನ ಮೊದಲು ಆ ಸಾಲು ಹಾಕಿ ನೋಡಬೇಕು. ಅಕ್ಕ ಮಾತಾಡಿದಳೆಂದರೆ ಸೆಟ್ಟಿಗೆ ಏನೂ ಆಗಿಲ್ಲ. ಇದರಿಂದ ವೈರಣ್ಣನ ಫೋನಿಗೆ ಬಿಡುವು ಸಿಕ್ಕಿತು, ಅಕ್ಕನಿಗೆ ಮೈಕು ಮತ್ತೆ ಸಿಕ್ಕಷ್ಟು ಖುಷಿಯಾಯಿತು.

ಒಂದು ದಿನ ಅಕ್ಕನೇ ಬಂದಳು.

"ನನ್ನ ದನಿ ಹಿಂದೆ ನಿನ್ನ ಫ್ಯಾನು ಗೊರಗೊರ ಅನ್ನುತ್ತೆ ಕಣೋ. ಮನೇಲಿ ಇನ್ನೊಂದ್ಸಲ ನೆಟ್ಟಗೆ ಹೇಳ್ತೀನಿ, ಮಗ ಹಾಕಿಕೊಡ್ತಾನೆ. ಪಟ್ಟಿಯ ಪಾಸ್‌ವರ್ಡ್ ಹೇಳು."

ಅವಳ ಮಗ ಆಗಷ್ಟೇ ಹೊಸ ಸ್ಪೀಕರುಗಳ ಅಂಗಡಿ ಇಟ್ಟಿದ್ದ. ವೈರಣ್ಣ ಹಿಂದೆಮುಂದೆ ನೋಡದೆ ಹೇಳಿಬಿಟ್ಟ. ಅಕ್ಕನಿಗೆ ಹೇಳದೆ ಇನ್ಯಾರಿಗೆ ಹೇಳುವುದು?

ಆಮೇಲೆ ಒಂದೊಂದೇ ಸೆಟ್ ಅವನ ಗೂಡನ್ನು ಕೇಳುವುದನ್ನು ನಿಲ್ಲಿಸಿತು. ವೈರಣ್ಣ ತಲೆ ಕೆರೆದುಕೊಂಡ. ಕೇಬಲ್ ಬದಲಿಸಿದ, ಪಟ್ಟಿಯ ಸ್ಟೇಷನ್‌ಗಳನ್ನೆಲ್ಲ ಹಾಕಿ ನೋಡಿದ. ಮೊದಲ ಸಾಲು ಮಾತ್ರ ಹಾಕಲಿಲ್ಲ. ಸೆಟ್ ಚೆನ್ನಾಗಿದೆಯೋ ಇಲ್ಲವೋ ಎಂದು ಇನ್ನೊಬ್ಬರಿಂದ ಕೇಳಿ ತಿಳಿಯುವ ಗತಿ ತನಗೆ ಬಂದಿಲ್ಲ ಎಂಬ ಜಂಬ, ಪುಣ್ಯಾತ್ಮನಿಗೆ.

ಕೂದಲು ಕತ್ತರಿಸಿಕೊಳ್ಳಲು ಹೋದಾಗ ನೋಡಿದರೆ ಕಟಿಂಗ್ ಶಾಪಿನ ಕನ್ನಡಿಯ ಮೇಲೆ ಹೊಸ ಸ್ಪೀಕರ್ ಕೂತಿದೆ.

"ಸೆಟ್ ಎಲ್ಲಯ್ಯಾ?"

"ಕೊಟ್ಬಿಟ್ಟೆ ವೈರಣ್ಣ. ಪಟ್ಟಿ ನಿಲ್ಲಿಸ್ತೀರಂತಲ್ಲ, ಒಂದು ಮಾತು ಹೇಳಬಾರದಿತ್ತಾ ನೀವು?"

"ಯಾರು ಹೇಳಿದ್ದು?"

"ನಿಮ್ಮಕ್ಕನೇ ಹೇಳ್ತಾರಲ್ಲ, ಮೊದಲನೇ ಸಾಲಲ್ಲಿ!"

ವೈರಣ್ಣ ಅಲ್ಲೇ ಫೋನಿನಲ್ಲಿ ಪಟ್ಟಿ ತೆರೆದು ಮೊದಲ ಸಾಲು ಒತ್ತಿದ. ಫ್ಯಾನಿನ ಸದ್ದಿಲ್ಲ. ಬಸ್ ನಿಲ್ದಾಣದ ಅದೇ ತಿಳಿಯಾದ ದನಿ. "ನಿಮ್ಮ ಸೆಟ್ಟಿನ ಕಾಲ ಮುಗೀತು. ಈ ಪಟ್ಟಿ ಇನ್ನು ಹೆಚ್ಚು ದಿನ ಇರೋದಿಲ್ಲ. ಹಳೇದನ್ನ ನಮ್ಮ ಅಂಗಡಿಗೆ ತಂದುಕೊಟ್ಟು ಹೊಸದು ತಗೊಳ್ಳಿ." ಕೊನೆಗೆ ಅಂಗಡಿಯ ವಿಳಾಸ.

ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಹೊರಟ. ದಾರಿಯುದ್ದಕ್ಕೂ ಅಕ್ಕನ ಮಗನನ್ನೇ ಬೈದುಕೊಂಡ. ಅವನೇ ಏನೋ ಸುಳ್ಳು ಹೇಳಿ ಅಕ್ಕನ ಬಾಯಲ್ಲಿ ಇದನ್ನು ಆಡಿಸಿರಬೇಕು. ಹಾಗೆ ನಂಬಿಕೊಂಡರೆ ನಡೆಯಲು ಕಾಲು ಬರುತ್ತಿತ್ತು.

ಅಕ್ಕನ ಮನೆಯ ಜಗಲಿಯಲ್ಲಿ, ಜನ ಅಂಗಡಿಗೆ ಕೊಟ್ಟ ಹಳೇ ಸೆಟ್ಟುಗಳು ಗೋಣಿಚೀಲದಲ್ಲಿ ಗುಜರಿಗೆ ಕಾದಿದ್ದವು. ಅಕ್ಕ ಒಳಗೆ ಬಟ್ಟೆ ಮಡಿಸುತ್ತಿದ್ದಳು.

"ಮಗ ಏನು ಹೇಳಿ ನಿನ್ನ ಹತ್ರ ಅದನ್ನ ಹೇಳಿಸಿದ ಅಕ್ಕಾ?"

ಅವಳು ತಲೆ ಎತ್ತಲಿಲ್ಲ. "ಅವನೇನೂ ಹೇಳಿಸ್ಲಿಲ್ಲ. ಮಾತು ಜೋಡಿಸಿದ್ದೂ ನಾನೇ, ಹೇಳಿದ್ದೂ ನಾನೇ. ಮಗ ಅಂಗಡೀಲಿ ನೊಣ ಹೊಡ್ಕೊಂಡು ಕೂತಿದ್ದ. ತಾಯಿ ಆದೋಳು ನೋಡ್ಕೊಂಡು ಕೂರೋಕಾಗುತ್ತಾ? ನಿಂದು ಏನಿದ್ರೂ ಹವ್ಯಾಸ ಕಣೋ."

"ಬಾಯಿಬಿಟ್ಟು ಕೇಳಿದ್ದಿದ್ರೆ ಅಂಗಡಿ ಹೆಸರು ನಾನೇ ಹೇಳಿಸ್ತಿದ್ದೆ. ಸೆಟ್ಟಿನ ಕಾಲ ಮುಗೀತು ಅಂತ ಯಾಕೆ ಹೇಳಿದೆ?"

"ಹಾಗೆ ಹೇಳದಿದ್ರೆ ಯಾರು ಕೊಡ್ತಾರೆ?"

ಆಗ ಅವನ ಕಿವಿಗೆ ಬಿತ್ತು, ಒಳಕೋಣೆಯಿಂದ ಸಣ್ಣಗೆ ಹಾಡು. ಇಣುಕಿದ. ಅವಳ ಮಂಚದ ಪಕ್ಕದಲ್ಲಿ, ಅವನೇ ತಂದುಕೊಟ್ಟ ಸೆಟ್. ಅವನ ಪಟ್ಟಿಯಿಂದಲೇ ಹಾಡುತ್ತಿತ್ತು.

"ಇದನ್ನ ಯಾಕೆ ಕೊಡ್ಲಿಲ್ಲ ಅಕ್ಕಾ?"

ಅಕ್ಕ ಇದೇನು ಕೇಳ್ತಾನೆ ಎಂಬಂತೆ ನೋಡಿದಳು. "ಚೆನ್ನಾಗೇ ಇದೆಯಲ್ಲೋ."

ವೈರಣ್ಣನಿಗೆ ಕೂಗಾಡಬೇಕೆನಿಸಿತು. ಆದರೆ ಬೆಳೆಸಿದ ಕೈಯೇ ಹೀಗೆ ಮಾಡಿದರೆ ಯಾರ ಹತ್ತಿರ ಹೋಗಿ ದೂರುವುದು? ಜಗಲಿಯ ಚೀಲ ಹೊತ್ತುಕೊಂಡು ಹೊರಟ. ಅವಳು ತಡೆಯಲಿಲ್ಲ.

ಮನೆಗೆ ಬಂದವನೇ ಪಾಸ್‌ವರ್ಡ್ ಬದಲಿಸಿದ, ಅಕ್ಕನ ದನಿ ಅಳಿಸಿದ. ಅವಳ ಸೆಟ್ಟಿಗೆ ಪಟ್ಟಿ ಸಿಗದಂತೆ ಮಾಡಲು ಮಾತ್ರ ಕೈ ಬರಲಿಲ್ಲ. ಖಾಲಿಯಾದ ಮೊದಲ ಸಾಲಿಗೆ ತನ್ನ ಒರಟು ಗಂಟಲಲ್ಲಿ ತಾನೇ ಹೇಳಿದ: "ನಿಮ್ಮ ಸೆಟ್ ಚೆನ್ನಾಗಿದೆ. ಕೊಡಬೇಡಿ." ಮರುದಿನ ಕಟಿಂಗ್ ಶಾಪಿನವನ ಸೆಟ್ ವಾಪಸ್ ಒಯ್ದು ಮೊದಲ ಸಾಲು ಹಾಕಿ ಕೇಳಿಸಿದ.

ಅವನು ಕತ್ತರಿ ಹಿಡಿದುಕೊಂಡೇ ಕೇಳಿ ಮೂಗು ಮುರಿದ. "ಇದು ನಿಮ್ಮ ದನಿ ಅಂತ ಯಾರಿಗೆ ಗೊತ್ತಾಗುತ್ತೆ ವೈರಣ್ಣ? ಅಕ್ಕನ ಕೈಲೇ ಇನ್ನೊಂದ್ಸಲ ಹೇಳಿಸಿಬಿಡಿ. ಅವರು ಹೇಳಿದ್ರೆ ಜನ ಕಣ್ಣುಮುಚ್ಚಿ ನಂಬ್ತಾರೆ."

"ಅದಕ್ಕೇ ಬೇಡ ಅಂತಿರೋದು" ಎಂದು ವೈರಣ್ಣ ಉಳಿದರ್ಧ ಕೂದಲು ಕತ್ತರಿಸಿಕೊಳ್ಳಲು ಕುರ್ಚಿಯಲ್ಲಿ ಕೂತ.