ಬಾಗಿಲ ಒಳಮೈಯ ಸೀಮೆಸುಣ್ಣದ ಗುರುತು

ಹುಮನಾಬಾದ್, ಬಸವಕಲ್ಯಾಣದ ಕಡೆ ಹಳೆಯ ಪಿಕಪ್ ಗಾಡಿ ಕೊಳ್ಳಲು ಹೊರಟವರು ಮಾರುವವನಿಗೆ ಎರಡೇ ಪ್ರಶ್ನೆ ಕೇಳುತ್ತಾರೆ. ಕಾಗದಪತ್ರ ಸರಿ ಇವೆಯೇ ಎಂಬುದು ಒಂದು. ಗಯಾಸುದ್ದೀನ್ ಸರ್ ನೋಡಿದ್ದಾರೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿದ್ದಾರೆ, ಎರಡನೆಯದಕ್ಕೆ ಹೇಳಿ ದಕ್ಕಿಸಿಕೊಂಡವರಿಲ್ಲ. ಹುಮನಾಬಾದಿನ ನಮ್ಮ ತರಬೇತಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಡೀಸೆಲ್ ಮೆಕ್ಯಾನಿಕ್ ವಿಭಾಗದ ಬೋಧಕರಾಗಿದ್ದು ಈಗ ನಿವೃತ್ತರಾಗಿರುವ ಗುರುಗಳ ಸ್ಥಾನ ಈ ಕಸುಬಿನಲ್ಲಿ ಏನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ಬೇಕಾಗಿಲ್ಲ.

ಬಸವಕಲ್ಯಾಣದಲ್ಲಿ ಹುಟ್ಟಿ, ತಂದೆಯವರ ಆಯಿಲ್ ಎಂಜಿನ್ ರಿಪೇರಿ ಅಂಗಡಿಯಲ್ಲಿ ಕೈ ಕಪ್ಪು ಮಾಡಿಕೊಂಡು, ಹೈದರಾಬಾದಿನ ವರ್ಕ್‌ಶಾಪೊಂದರಲ್ಲಿ ಪಳಗಿ, ೧೯೯೪ರಲ್ಲಿ ಅವರು ಬೋಧಕರಾಗಿ ಬಂದರು. ಭಾನುವಾರ ಯಾರು ಗಾಡಿ ತಂದರೂ ಚಹಾದ ಹೊರತು ಬೇರೇನನ್ನೂ ತೆಗೆದುಕೊಳ್ಳದೆ ಪರೀಕ್ಷಿಸುವ ಪದ್ಧತಿ ಆಗಲೇ ಶುರುವಾಯಿತು. ಮೊದಲು ಬಾನೆಟ್ ಮೇಲೆ ಅಂಗೈ ಇಡುವರು. ಬೆಚ್ಚಗಿದ್ದರೆ, "ಎಂಜಿನ್ ಮೊದ್ಲೇ ಚಾಲೂ ಮಾಡಿ ತಂದೀಯಲ್ಲೋ ಬೇಟಾ, ತಣ್ಣಗಿದ್ದಾಗ ಏನಂತ ಕೆಮ್ತದ ಅದು?" ಎನ್ನುವರು. ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು ಸವೆದಿವೆ, ಅರ್ಧ ಎಂಜಿನ್ ಕೆಲಸಕ್ಕೆ ನಲವತ್ತು ಸಾವಿರ. ಪೆಡಲ್ ಪೂರ್ತಿ ಮೇಲೆ ಬಂದ ಮೇಲಷ್ಟೇ ಕ್ಲಚ್ ಹಿಡಿಯುತ್ತಿದ್ದರೆ ಪ್ಲೇಟಿಗೆ, ಕೂಲಿಗೆ ಸೇರಿ ಹತ್ತು ಸಾವಿರ. ಗಾಡಿ ಒಂದು ಬದಿಗೆ ವಾಲಿ ನಿಂತರೆ ಭಾರ ಹೊರುವ ಸ್ಪ್ರಿಂಗ್ ಪಾಟಾ ಮುರಿದಿದೆ. ದೋಷ ಇರುವಲ್ಲೇ ಸೀಮೆಸುಣ್ಣದಿಂದ ಖರ್ಚನ್ನು ಬರೆಯುವರು. ಮಾರುವವನು ಆ ಅಂಕಿಗಳ ಸುತ್ತ ಒಂದು ಸುತ್ತು ಹಾಕಿದನೆಂದರೆ ಗಾಡಿಯ ಬೆಲೆ ತಾನೇ ಇಳಿಯುತ್ತಿತ್ತು! ದೊಡ್ಡ ದೋಷ ಇಲ್ಲದ ಗಾಡಿಯ ಬಾಗಿಲ ಒಳಮೈ ಮೇಲೆ ಒಂದು ರೈಟ್ ಗುರುತು ಎಳೆಯುವರು. ಕೊಂಡವರು ಅದು ಅಳಿಸದಂತೆ ಪೇಂಟರ್‌ನಿಂದ ಕೆಂಪು ಬಣ್ಣ ತುಂಬಿಸಿಕೊಳ್ಳುವುದು ರೂಢಿಯಾಯಿತು. ಅದು ತಮಗೆ ಸಿಕ್ಕ ಗೌರವವೆಂದು ಗುರುಗಳೂ ಸುಮ್ಮನಿದ್ದರು.

ಇಂಥ ಅಭಿನಂದನ ಗ್ರಂಥದಲ್ಲಿ ತಪ್ಪನ್ನು ಬರೆಯುವ ವಾಡಿಕೆಯಿಲ್ಲ. ಆದರೆ ೨೦೧೭ರ ಒಂದು ಭಾನುವಾರವನ್ನು ಬಿಟ್ಟು ಬರೆಯುವುದಾದರೆ ನನ್ನ ಬಗ್ಗೆ ಏನೂ ಬರೆಯಬೇಡಿ ಎಂದು ಗುರುಗಳೇ ಅಪ್ಪಣೆ ಮಾಡಿದ್ದಾರೆ.

ಆ ದಿನ ಹುಡಗಿ ಗ್ರಾಮದ ತರಕಾರಿ ವ್ಯಾಪಾರಿ ಮಹಾರುದ್ರಪ್ಪನವರು ಕೊಳ್ಳಬೇಕೆಂದ ಪಿಕಪ್ ಬಂದಿತು. ಮಾರುತ್ತಿದ್ದವನು ಓಂಪ್ರಕಾಶ, ಗುರುಗಳ ಹಳೆಯ ವಿದ್ಯಾರ್ಥಿ, ತನ್ನ ತಂಡದಲ್ಲಿ ಮೊದಲನೆಯವನಾಗಿ ಪಾಸಾದವನು. ಗುರುಗಳು ಎಂಜಿನ್ ನೋಡಿದರು, ಸ್ಟೀರಿಂಗ್ ನೋಡಿದರು, ಬ್ರೇಕಿಗೆ ಮೂರು ಸಾವಿರ ಎಂದು ಬರೆದರು. ಗಾಡಿಯ ಹಿಂಬದಿಯ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ನೋಡಲೆಂದು ನೆಲಕ್ಕೆ ಗೋಣಿಚೀಲ ಹಾಸಿದಾಗ ಓಂಪ್ರಕಾಶ ಅವರ ಕೈ ಹಿಡಿದ.

"ಬಿಡ್ರಿ ಸರ್, ಅಂಗಿ ಯಾಕ ಹೊಲಸು ಮಾಡ್ಕೋತೀರಿ? ಚಾಸಿ ನಾನೇ ನೋಡೀನಿ. ನೀವೇ ಕಲಿಸಿದ ಕಣ್ಣು ಇವು."

ಚಾಸಿಗೆ ಹೊಸದಾಗಿ ಬಳಿದ ಕಪ್ಪು ಬಣ್ಣ ನಿಂತಲ್ಲಿಂದಲೇ ಹೊಳೆಯುತ್ತಿತ್ತು. ಹೊಸ ಬಣ್ಣ ಕಂಡಲ್ಲಿ ಕೆರೆದು ನೋಡಬೇಕೆಂದು ಇಪ್ಪತ್ತಮೂರು ವರ್ಷ ಪಾಠ ಹೇಳಿದವರು ಅಂದು ಗೋಣಿಚೀಲ ಮಡಿಸಿದರು. ಗಾಡಿಗೆ ಕೊಡಬೇಕಾದ ಅಂಕವನ್ನು ಶಿಷ್ಯನಿಗೆ ಕೊಟ್ಟು, ಬಾಗಿಲ ಮೇಲೆ ಗುರುತು ಎಳೆದರು.

ನಾಲ್ಕು ತಿಂಗಳಿಗೆ, ಉಳ್ಳಾಗಡ್ಡಿ ಹೇರಿಕೊಂಡು ಹೊರಟ ಆ ಪಿಕಪ್ ಮನ್ನಾಏಖೇಳ್ಳಿ ಹತ್ತಿರ ಹೆದ್ದಾರಿಯಲ್ಲಿ ನಡುಮುರಿದು ಮಗುಚಿತು. ಮಹಾರುದ್ರಪ್ಪನವರು ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ಗುರುಗಳು ಠಾಣೆಯ ಅಂಗಳಕ್ಕೆ ಹೋಗಿ, ಚಾಸಿ ಮುರಿದ ಜಾಗವನ್ನು ಕೆರೆದರು. ಕಪ್ಪು ಬಣ್ಣದ ಕೆಳಗೆ ಹಳೆಯ ಬಿರುಕು, ಅದರ ಮೇಲೆ ಬೆಸುಗೆ ಹಾಕಿ ಕೂರಿಸಿದ ತಗಡು. ನಜ್ಜುಗುಜ್ಜಾದ ಗಾಡಿಯಲ್ಲಿ ಬಾಗಿಲೊಂದು ನೆಟ್ಟಗೆ ಉಳಿದಿತ್ತು. ಕೆಂಪು ಬಣ್ಣ ತುಂಬಿದ ಅವರ ಗುರುತು ಒಂದಿಷ್ಟೂ ಮಾಸಿರಲಿಲ್ಲ.

ಅವರು ಅಲ್ಲಿಂದ ನೇರವಾಗಿ ಹುಡಗಿಗೆ ಹೋದರು. ಮಹಾರುದ್ರಪ್ಪನವರ ಪತ್ನಿ ಸುಂದರಬಾಯಿಯವರ ಎದುರು ಕೈಕಟ್ಟಿ ನಿಂತು, "ಮಾರಿದಂವ ಏನರೆ ಹೇಳಲಿ, ಗುರುತು ಹಾಕಿದಂವ ನಾನವ್ವ. ಕೆಳಗ ಹೊಕ್ಕು ನೋಡ್ಲಿಲ್ಲ" ಎಂದರು.

ಆ ತಾಯಿ ಬಯ್ಯಲಿಲ್ಲ. "ದಿನಾ ಮುಂಜಾನಿ ಆ ಗುರುತಿಗಿ ಕೈ ಮುಟ್ಟಿಸಿ ಗಾಡಿ ಚಾಲೂ ಮಾಡ್ತಿದ್ರು ಸರ್" ಎಂದಷ್ಟೇ ಹೇಳಿ ಒಳಗೆ ಹೋದರು. ಮತ್ತೆಂದೂ ಅವರು ಗುರುಗಳೊಂದಿಗೆ ಮಾತಾಡಿಲ್ಲ.

ಅಂದಿನಿಂದ ಗುರುಗಳು ದೋಷ ಬರೆದರೇ ಹೊರತು ಗುರುತು ಎಳೆಯಲಿಲ್ಲ. ಮುರಿದ ಚಾಸಿಯ ಒಂದು ತುಂಡನ್ನು ಗುಜರಿಯಿಂದ ಕೊಂಡು ತಂದು ತರಗತಿಯ ಮೇಜಿನ ಮೇಲಿಟ್ಟರು. ಪ್ರತಿ ಹೊಸ ತಂಡದ ಮೊದಲ ಪಾಠ ಅದೇ. ಪ್ರತಿಯೊಬ್ಬರ ಕೈಗೂ ಒಂದೊಂದು ತಂತಿ ಬ್ರಷ್ ಕೊಟ್ಟು, "ಇದು ನಾ ಮಾಡಿದ ತಪ್ಪು, ಮುಟ್ಟಿ ನೋಡ್ರಿ" ಎನ್ನುವರು. ತರಗತಿಯಲ್ಲಿ ಸದಾ ಕಿಸಿಕಿಸಿ ಎನ್ನುವ ನಾವು ಆ ಗಂಟೆಯಿಡೀ ಬಾಗಿ ಆ ಬಿರುಕನ್ನು ಉಜ್ಜಿದೆವು.

ಸೇವೆಯ ಕೊನೆಯ ಭಾನುವಾರ ಮಹಾರುದ್ರಪ್ಪನವರ ಮಗಳು ಪೂನಂ ಒಂದು ಹಳೆಯ ಪಿಕಪ್ ತಂದಳು. ಹಾಲಿನ ಕ್ಯಾನು ಸಾಗಿಸುವ ಕೆಲಸ ಹಿಡಿಯಬೇಕೆಂದಿದ್ದಳು. ತಾಯಿಗೆ ಇನ್ನೂ ಹೇಳಿರಲಿಲ್ಲ.

"ನೋಡ್ತೀನಿ ಬೇಟಾ. ಆದ್ರ ಗುರುತು ಹಾಕೂದಿಲ್ಲ. ಬಿಟ್ಟು ಎಂಟು ವರ್ಷ ಆತು."

"ಅಪ್ಪನ ಗಾಡಿಗಿ ನೋಡಲಾರ್ದ ಹಾಕಿದ್ರಿ ಸರ್. ನನ್ನ ಗಾಡಿಗಿ ನೋಡಿ ಹಾಕ್ರಿ. ಇಲ್ಲಂದ್ರ ನಾ ಇದನ್ನ ತಗೊಳ್ಳೂದಿಲ್ಲ."

ಗುರುಗಳು ಗೋಣಿಚೀಲ ಹಾಸಿದರು. ಅರವತ್ತು ತುಂಬಿದ, ಮೊಣಕಾಲು ನೋವಿನ ಆ ದೇಹ ಮೂರು ಗಂಟೆ ಗಾಡಿಯ ಕೆಳಗಿತ್ತು. ಪೂನಂಳನ್ನೂ ಒಳಗೆ ಕರೆದು ಚಾಸಿಯನ್ನು ಈ ತುದಿಯಿಂದ ಆ ತುದಿಗೆ ಬರಿಯ ಉಕ್ಕು ಕಾಣುವಂತೆ ಉಜ್ಜಿಸಿದರು. ಇಂಜೆಕ್ಟರ್ ಎರಡಕ್ಕೆ ಹದಿನಾಲ್ಕು ಸಾವಿರ, ಕ್ಲಚ್ಚಿಗೆ ಹತ್ತು, ಹಿಂದಿನ ಪಾಟಾಕ್ಕೆ ಐದು ಎಂದು ಬರೆಯುತ್ತ ಹೋದಾಗ ಮುಖಕ್ಕೆಲ್ಲ ತುಕ್ಕು ಮೆತ್ತಿದ್ದ ಅವಳು, "ನಾ ಗಾಡಿ ತಗೊಳಾಕತ್ತೀನೋ ಬಿಲ್ ತಗೊಳಾಕತ್ತೀನೋ ಸರ್?" ಎಂದಳು. ಗುರುಗಳು ನಗಲಿಲ್ಲ. ಚಾಸಿಯಲ್ಲಿ ಬಿರುಕಿರಲಿಲ್ಲ. ಅದನ್ನು ಇನ್ನೊಮ್ಮೆ ನೋಡಿದರು. ಮತ್ತೊಮ್ಮೆ ಬೆರಳಾಡಿಸಿದರು.

ಕೊನೆಗೆ ಬಾಗಿಲು ತೆರೆದರು. ಒತ್ತಿ ಎಳೆಯಹೋಗಿ ಮೊದಲ ಸೀಮೆಸುಣ್ಣ ಮುರಿಯಿತು. ಎರಡನೆಯದರಿಂದ ಎಳೆದ ಗುರುತು ಸೊಟ್ಟಗೆ ಬಂತು. ಅದರ ಕೆಳಗೆ ಅಂದಿನ ತಾರೀಖು ಬರೆದರು. ಹಿಂದೆಂದೂ ಅವರು ತಾರೀಖು ಬರೆದವರಲ್ಲ.

"ಬಣ್ಣ ತುಂಬಬ್ಯಾಡ ಬೇಟಾ. ನಿನ್ನ ಕೈ ತಾಗಿ ತಾಗಿ ಅಳಿಸಿ ಹೋಗ್ಲಿ. ಹೋದ ದಿನಾ ಮತ್ತ ಗಾಡಿ ತಗೊಂಡು ಬಾ, ಕೆಳಗ ಹೊಕ್ಕು ನೋಡ್ತೀನಿ."

ಸುಂದರಬಾಯಿಯವರು ಆ ಗಾಡಿಯನ್ನು ಇಂದಿಗೂ ಹತ್ತಿಲ್ಲ. ಪೂನಂ ಮಾತ್ರ ಈಗಾಗಲೇ ಒಮ್ಮೆ ಗುರುತು ಅಳಿಸಿತೆಂದು ಬಂದು ಹೋಗಿದ್ದಾಳೆ. ಪೂಜ್ಯ ಗುರುಗಳಿಗೆ ನಾವು ಕೋರುವ ಆಯುಷ್ಯಕ್ಕೆ ವರ್ಷಗಳ ಲೆಕ್ಕವಿಲ್ಲ: ಆ ಬಾಗಿಲ ಮೇಲಿನ ಗುರುತು ಎಷ್ಟು ಸಲ ಅಳಿಸುವುದೋ ಅಷ್ಟು ಸಲವೂ ಗೋಣಿಚೀಲ ಹಾಸಿ ಕೆಳಗಿಳಿಯುವ ಬಲ ಅವರ ಮೊಣಕಾಲಿಗಿರಲಿ.